ಎಡಗೈ ಎತ್ತಿದವರು

ಪ್ರತಿ ವರ್ಷ ಮೊದಲ ತರಗತಿಯಲ್ಲಿ ಸನಿಯ್ಯಾ ಮಾತು ಶುರುಮಾಡುತ್ತಿದ್ದದ್ದು ಬೋರ್ಡು ಒರೆಸುವ ಬಟ್ಟೆಯಿಂದ. ನಮ್ಮ ಅರಬ್ಬಿ ಅಂಕಿಗಳಲ್ಲಿ ಸೊನ್ನೆ ಎಂದರೆ ಬರಿಯ ಒಂದು ಚುಕ್ಕೆ ತಾನೆ. ಬೋರ್ಡನ್ನು ಅರೆಬರೆ ಒರೆಸಿ ಮೂರು ಎಂದು ಬರೆದರೆ, ಪಕ್ಕದಲ್ಲಿ ಉಳಿದ ಸೀಮೆಸುಣ್ಣದ ಕಲೆಯೊಂದು ಅದನ್ನು ಮೂವತ್ತು ಮಾಡಿಬಿಡುತ್ತದೆ; ಹಿಂದಿನ ಬೆಂಚಿನ ಮಗು ಅದನ್ನೇ ಬರೆದುಕೊಂಡು ಹೋಗಿ ಮನೆಯಲ್ಲಿ ಏಟು ತಿನ್ನುತ್ತದೆ. "ಮೊದ್ಲು ಬೋರ್ಡ್ ಒರೆಸಿ, ಆಮೇಲೆ ಮಕ್ಕಳ ತಪ್ಪು ಹುಡುಕಿ" ಎಂದು ಅವಳು ಹೇಳಿದರೆ ಇನ್ನೂರು ಜನ ತುಂಬಿದ ಕೋಣೆ ನಗುತ್ತಿತ್ತು. ನಕ್ಕು, ಅದನ್ನೂ ನೋಟ್ಸಿನಲ್ಲಿ ಬರೆದುಕೊಂಡು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆಯುತ್ತಿತ್ತು. ತಮಾಷೆಯನ್ನೂ ಪರೀಕ್ಷೆಗೆಂದು ಓದುವ ಮಕ್ಕಳು ಅವು.

ನೈಲ್ ನದಿಯ ಪಡುವಣ ದಂಡೆಯ ನಮ್ಮ ಪಟ್ಟಣದ ಶಿಕ್ಷಣ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಅವಳದು ಒಂದೇ ಕೆಲಸ: ಮುಂದೆ ಚಿಕ್ಕ ಮಕ್ಕಳಿಗೆ ಮೇಷ್ಟ್ರಾಗುವವರಿಗೆ ಗಣಿತ ಕಲಿಸುವುದು ಹೇಗೆಂದು ಕಲಿಸುವುದು. ಡಾಕ್ಟರೇಟ್ ಮಾಡಿದವಳಾದ್ದರಿಂದ ಎಲ್ಲರ ಬಾಯಲ್ಲೂ ಅವಳು ದಕ್ತೋರಾ. ಅವಳ ಮುಂದೆ ಬಂದು ಕೂರುತ್ತಿದ್ದವರಲ್ಲಿ ಮುಕ್ಕಾಲು ಪಾಲು ಲೆಕ್ಕವೆಂದರೆ ಹೆದರಿ ಓಡುವವರು; ಬೇರೆಲ್ಲೂ ಸೀಟು ಸಿಗದೆ ಇಲ್ಲಿಗೆ ಬಂದವರು. ಭಿನ್ನರಾಶಿಯಿಂದ ಭಾಗಿಸುವಾಗ ತಲೆಕೆಳಗು ಮಾಡಿ ಗುಣಿಸುತ್ತೀರಲ್ಲ, ಯಾಕೆ ಎಂದು ಕೇಳಿದರೆ, ನೈಲ್ ನದಿ ಉತ್ತರಕ್ಕೇ ಯಾಕೆ ಹರಿಯುತ್ತದೆ ಎಂದು ಕೇಳಿದವಳನ್ನು ನೋಡುವ ಹಾಗೆ ಅವಳನ್ನು ನೋಡುತ್ತಿದ್ದರು. ನಾಲ್ಕು ವರ್ಷ ಹೇಗೋ ತಳ್ಳಿ, ಹೆದರಿಕೆಯನ್ನು ಹಾಗೇ ಚೀಲದಲ್ಲಿಟ್ಟುಕೊಂಡು ಹಳ್ಳಿ ಶಾಲೆಗಳಿಗೆ ಹೋಗುತ್ತಿದ್ದರು. ಅಲ್ಲಿಂದ ಹತ್ತು ವರ್ಷಕ್ಕೆ ಅವರ ಕೈಯಲ್ಲಿ ಕಲಿತವರು ಅದೇ ಹೆದರಿಕೆ ಹೊತ್ತು ಇವಳ ಮುಂದೆ ಬಂದು ಕೂರುತ್ತಿದ್ದರು.

ರಾವಿಯಾ ಮಾತ್ರ ಬೇರೆ. ನದಿಯಾಚೆಯ ಹಳ್ಳಿಯವಳು, ಅಪ್ಪ ಗಾರೆ ಕೆಲಸದವನು. ದಿನಾ ದೋಣಿ ದಾಟಿ, ವ್ಯಾನು ಹತ್ತಿ ಬರುತ್ತಿದ್ದಳು. ಎರಡನೆಯ ವರ್ಷದಲ್ಲಿ ಒಂದು ದಿನ ಪಾಠದ ನಡುವೆ ಎದ್ದು ನಿಂತು, ದಕ್ತೋರಾ, ನನಗೆ ಭಿನ್ನರಾಶಿ ಅರ್ಥವಾಗಿಲ್ಲ, ನಾಲ್ಕನೇ ಕ್ಲಾಸಿನಿಂದಲೂ ಅರ್ಥವಾಗಿಲ್ಲ, ಸುಮ್ಮನೆ ಪಾಸಾಗುತ್ತಾ ಬಂದಿದ್ದೇನೆ ಎಂದುಬಿಟ್ಟಳು. ಕೋಣೆಯಲ್ಲಿ ಒಬ್ಬರೂ ನಗಲಿಲ್ಲ, ಯಾಕೆಂದರೆ ಎಲ್ಲರದೂ ಅದೇ ಕಥೆ. ಇಪ್ಪತ್ತಾರು ವರ್ಷದಲ್ಲಿ ಈ ಮಾತನ್ನು ಬಾಯಿಬಿಟ್ಟು ಹೇಳಿದ ಮೊದಲ ಹುಡುಗಿ ಅವಳು. ಸನಿಯ್ಯಾ ಅವಳನ್ನು ಹಚ್ಚಿಕೊಂಡದ್ದೇ ಆವತ್ತು. ಆ ಚಳಿಗಾಲವಿಡೀ ಗುರುವಾರ ಗುರುವಾರ ಅವಳನ್ನು ಕೂರಿಸಿಕೊಂಡು ಕಾಗದ ಮಡಚಿ, ರೊಟ್ಟಿ ಮುರಿದು, ಮೊದಲಿನಿಂದ ಕಲಿಸಿದಳು. ಇವಳೊಬ್ಬಳು ಮೇಷ್ಟ್ರಾದರೆ ಸಾಕು, ಒಂದು ಹಳ್ಳಿಯಲ್ಲಾದರೂ ಈ ಹೆದರಿಕೆಯ ಸರಪಳಿ ಕಡಿಯುತ್ತದೆ ಎಂದು ಆಸೆ ಕಟ್ಟಿಕೊಂಡಳು.

ಮೇಷ್ಟ್ರಾಗಬೇಕಾದರೆ ಕೊನೆಯ ವರ್ಷ ಪರೀಕ್ಷಾ ಪಾಠ ಮಾಡಬೇಕು. ನಿಜವಾದ ಶಾಲೆ, ನಿಜವಾದ ಮಕ್ಕಳು, ಹೊರಗಿನಿಂದ ಬಂದ ಇನ್‌ಸ್ಪೆಕ್ಟರು. ನೂರಕ್ಕೆ ಅರವತ್ತು ಬರಬೇಕು. ಬರದಿದ್ದರೆ ಇನ್ನೊಂದೇ ಒಂದು ಅವಕಾಶ. ಅದರಲ್ಲೂ ಹೋದರೆ ನಾಲ್ಕು ವರ್ಷದ ಓದು ನೀರಿಗೆ ಹೋದಂತೆ, ಪದವಿ ಇಲ್ಲ. ಪಾಠ ನಡೆಯುವಷ್ಟು ಹೊತ್ತು ಕಾಲೇಜಿನವರು ಹಿಂದಿನ ಬೆಂಚಿನಲ್ಲಿ ಕೂತು ನೋಡಬಹುದು, ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಪಾಠವೇ ರದ್ದು.

ರಾವಿಯಾಳಿಗೆ ಸಿಕ್ಕಿದ್ದು ಕಾಲುವೆ ಪಕ್ಕದ ಶಾಲೆಯ ನಾಲ್ಕನೇ ತರಗತಿ, ಅರವತ್ತೆಂಟು ಮಕ್ಕಳು. ಹೆಡ್ಮಾಸ್ಟರ್ ಬಿಷಾರಾ, ನಮ್ಮ ಕಡೆ ಮರ್ಯಾದೆಯಿಂದ ಕರೆಯುವ ಹಾಗೆ ಉಸ್ತಾಜ್ ಬಿಷಾರಾ, ಬಹಳ ಒಳ್ಳೆಯ ಮನುಷ್ಯ, ಬಂದವರಿಗೆಲ್ಲ ಚಹಾ ಕುಡಿಸಿಯೇ ಕಳಿಸುವವರು. ಇನ್‌ಸ್ಪೆಕ್ಟರು ಬರುತ್ತಾರೆಂದರೆ ಎಲ್ಲ ಹೆಡ್ಮಾಸ್ಟರುಗಳು ಮಾಡುವುದನ್ನೇ ಅವರೂ ಮಾಡಿದ್ದರು. ನಮ್ಮ ಕಡೆಯ ಶಾಲೆಗಳಲ್ಲಿ ಇದು ಯಾವಾಗ ಶುರುವಾಯಿತೋ ದೇವರೇ ಬಲ್ಲ: ಪ್ರಶ್ನೆ ಕೇಳಿದ ಕೂಡಲೇ ಪ್ರತಿಯೊಂದು ಮಗುವೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಮೇಷ್ಟ್ರು ಬಲಗೈ ನೋಡಿ ಹೆಸರು ಕರೆಯುತ್ತಾರೆ. ನೋಡುವವರ ಕಣ್ಣಿಗೆ ಇಡೀ ತರಗತಿ ಬುದ್ಧಿವಂತ ಮಕ್ಕಳ ಸಂತೆ.

ಸನಿಯ್ಯಾ ಪಾಠದಲ್ಲಿ ಇದನ್ನು ಹೀಯಾಳಿಸದ ವರ್ಷವೇ ಇಲ್ಲ. ಎಡಗೈ ಎತ್ತಿದ ಮಗು ನಿಮಗೆ ನಿಜ ಹೇಳುತ್ತಿದೆ, ಆ ಹೊತ್ತಿಗೆ ಇಡೀ ಶಾಲೆಯಲ್ಲಿ ನಿಜ ಹೇಳುತ್ತಿರುವುದು ಅದೊಂದೇ, ಅದರ ಮುಖ ನೋಡದೆ ಹೋಗುತ್ತೀರಲ್ಲ, ನೀವು ಇರುವುದು ಯಾರಿಗೆ ಎಂದು ಕೇಳುತ್ತಿದ್ದಳು. ಇನ್ನೂರು ಜನ ಇದನ್ನೂ ಬರೆದುಕೊಂಡು ಅಡಿಗೆರೆ ಎಳೆಯುತ್ತಿದ್ದರು, ಪರೀಕ್ಷಾ ಪಾಠದ ದಿನ ಬಲಗೈಯವರನ್ನೇ ಕರೆದು ಪಾಸಾಗುತ್ತಿದ್ದರು. ಈ ಮಾತನ್ನು ಒಬ್ಬರಾದರೂ ಮನಸ್ಸಿಗೆ ಹಚ್ಚಿಕೊಂಡಾರು ಎಂಬ ನಂಬಿಕೆ ಹೇಳುವವಳಿಗೂ ಉಳಿದಿರಲಿಲ್ಲ.

ರಾವಿಯಾ ಹಚ್ಚಿಕೊಂಡಿದ್ದಳು.

ಮಾರ್ಚ್ ತಿಂಗಳ ಒಂದು ಮಂಗಳವಾರ ಪಾಠ. ಇನ್‌ಸ್ಪೆಕ್ಟರ್ ಉಸ್ತಾಜ್ ಶಹಾತಾ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ರಾವಿಯಾಳ ಪಾಠದ ತಯಾರಿ ಪುಸ್ತಕ ತಿರುವಿದರು. ಉಳಿದವರೆಲ್ಲ ಅಂಚಿಗೆ ಹೂಬಳ್ಳಿ ಬರೆದು, ಉದ್ದೇಶಗಳನ್ನು ಕೆಂಪಿನಲ್ಲೂ ಹಂತಗಳನ್ನು ನೀಲಿಯಲ್ಲೂ ತುಂಬಿ ತರುವ ಪುಸ್ತಕ ಅದು. ಇವಳದರಲ್ಲಿ ಮಕ್ಕಳು ಮಾಡಬಹುದಾದ ತಪ್ಪುಗಳ ಪಟ್ಟಿ ಮಾತ್ರ ಉದ್ದವಾಗಿತ್ತು. ಶಹಾತಾ ಹುಬ್ಬೇರಿಸಿದ್ದು ಹಿಂದಿನ ಬೆಂಚಿನಲ್ಲಿದ್ದ ಸನಿಯ್ಯಾಳಿಗೆ ಕಂಡಿತು. ಅವಳ ಪಕ್ಕದಲ್ಲಿ ಕೂತಿದ್ದವಳು ನವ್ವಾರಾ ಎಂಬ ಒಂಬತ್ತು ವರ್ಷದ ಹುಡುಗಿ. ಎರಡು ಜಡೆ, ಮುಂಗೈಯವರೆಗೆ ಇಳಿದ ಅಕ್ಕನ ಹಳೆಯ ಸ್ವೆಟರು.

ರಾವಿಯಾ ಬೋರ್ಡು ಒರೆಸಿದಳು, ಮೂಲೆ ಮೂಲೆ ಬಿಡದೆ. ಮೂರನೇ ಒಂದು ಪಾಲು ದೊಡ್ಡದೋ ನಾಲ್ಕನೇ ಒಂದು ಪಾಲು ದೊಡ್ಡದೋ ಎಂದು ಕೇಳಿದಳು. ಅರವತ್ತೆಂಟು ಕೈ ಒಟ್ಟಿಗೆ ಮೇಲೆದ್ದವು. ಅದರಲ್ಲಿ ಬಲಗೈ ಇಪ್ಪತ್ತೂ ಇರಲಿಲ್ಲ. ರಾವಿಯಾ ಆ ಕೈಗಳ ಕಾಡನ್ನು ಒಂದು ಕ್ಷಣ ನೋಡಿದಳು. ಕೈಗಳ ಗುಟ್ಟು ಅವಳಿಗೆ ಗೊತ್ತಿಲ್ಲದ್ದೇನಲ್ಲ, ತಾನೂ ನಾಲ್ಕನೇ ತರಗತಿಯಲ್ಲಿ ಎಡಗೈ ಎತ್ತಿ ಎತ್ತಿಯೇ ಪಾಸಾದವಳು. ನೋಡಿ, ಎಡಗೈ ಎತ್ತಿದ ಒಬ್ಬ ಹುಡುಗನನ್ನು ಕರೆದಳು.

ಹುಡುಗ ಕಂಗಾಲಾದ. ಎಡಗೈ ಎತ್ತಿದವನನ್ನು ಯಾರಾದರೂ ಎಬ್ಬಿಸಿದ್ದುಂಟೆ? ಎದ್ದು ನಿಂತು ಕೈ ನೋಡಿಕೊಂಡ. ರಾವಿಯಾ ಇನ್ನೊಬ್ಬನನ್ನು ಕರೆದಳು, ಅವನೂ ಎಡಗೈ. ಮತ್ತೊಬ್ಬಳು, ಅವಳೂ ಎಡಗೈ. ಸನಿಯ್ಯಾಳ ಮಾತು ಅವಳ ಕಣ್ಣೆದುರೇ ನಡೆಯುತ್ತಿತ್ತು. ಹೆಮ್ಮೆಪಡಬೇಕೋ ಎದ್ದುಹೋಗಿ ರಾವಿಯಾಳ ಬಾಯಿ ಮುಚ್ಚಬೇಕೋ ತಿಳಿಯಲಿಲ್ಲ. ಎರಡಕ್ಕೂ ಅವಳಿಗೆ ಅಪ್ಪಣೆ ಇರಲಿಲ್ಲ. ಬಾಗಿಲ ಬಳಿ ಶಹಾತಾರ ಪೆನ್ನು ಪ್ರತಿ ಮಗುವಿಗೂ ಒಂದೊಂದು ಗೆರೆ ಎಳೆಯುತ್ತಿತ್ತು.

ಎಂಟನೆಯವಳಾಗಿ ಎದ್ದದ್ದು ನವ್ವಾರಾ. ನಾಲ್ಕನೇ ಒಂದು ಪಾಲೇ ದೊಡ್ಡದು, ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ ಎಂದಳು. ರಾವಿಯಾ ತಪ್ಪು ಎನ್ನಲಿಲ್ಲ. ಮೇಜಿನ ಮೇಲೆ ತಾನು ತಂದಿದ್ದ ಶಮ್ಸಿ ರೊಟ್ಟಿ ಎತ್ತಿ ಹಿಡಿದಳು. ಬಿಸಿಲಿನಲ್ಲಿ ಉಬ್ಬಿಸಿ ಸುಡುವ ದಪ್ಪ ರೊಟ್ಟಿ, ಎಲ್ಲರ ಮನೆಯದೂ ಅದೇ. ನಿಮ್ಮನೆಯಲ್ಲಿ ಒಂದು ರೊಟ್ಟಿಗೆ ಎಷ್ಟು ಜನ ಕೂರುತ್ತೀರಿ ಎಂದು ಕೇಳಿದಳು. ನಾನು, ಅಕ್ಕ, ತಮ್ಮ ಎಂದು ನವ್ವಾರಾ ಬೆರಳು ಮಡಚಿದಳು. ಯಾರ್ಯಾರಿಗೆ ಎಷ್ಟೆಷ್ಟು, ಹೇಗೆ ಮುರಿಯುತ್ತೀರಿ, ದೊಡ್ಡ ಚೂರು ಯಾರಿಗೆ, ಹಾಗೆ ಮಾಡಿದರೆ ಅದು ಮೂರನೇ ಒಂದು ಪಾಲಾಗುತ್ತದೆಯೆ ಎಂದು ಮಾತು ಬೆಳೆಯಿತು. ಉಳಿದ ಮಕ್ಕಳು ಕೈ ಇಳಿಸಿ ಕತ್ತು ಚಾಚಿದರು. ಹುಡುಗಿ ಎರಡು ಸಲ ತಪ್ಪಿದಳು, ಒಂದು ಸಲ ಅಳುವ ಹಾಗಾದಳು. ರಾವಿಯಾ ಬೆಂಚಿನವರೆಗೆ ಬಂದು ಅವಳ ಪಕ್ಕದಲ್ಲಿ ಮೊಣಕಾಲೂರಿ ಕೂತಳು. ಹನ್ನೆರಡು ನಿಮಿಷ ಹೋಯಿತು. ಸನಿಯ್ಯಾ ಗಡಿಯಾರದ ಮುಳ್ಳನ್ನೇ ನೋಡುತ್ತಿದ್ದಳು.

ಆಮೇಲೆ ನವ್ವಾರಾಳ ಮುಖ ಅರಳಿತು. "ಅಬ್ಲಾ, ಅತ್ತೆ ಮಗ ಬಂದು ಕೂತ್ರೆ ನಾಲ್ಕು ಜನ ಆಯ್ತು, ನನ್ ಪಾಲು ಸಣ್ಣದಾಗೋಯ್ತು. ಮೂರೇ ದೊಡ್ಡದು" ಎಂದಳು. ಅಬ್ಲಾ ಎಂದರೆ ನಮ್ಮ ಮಕ್ಕಳ ಬಾಯಲ್ಲಿ ಟೀಚರಮ್ಮ. ಸನಿಯ್ಯಾ ಇಪ್ಪತ್ತಾರು ವರ್ಷ ಇಂಥದೊಂದು ಗಳಿಗೆಗೆ ಕಾದಿದ್ದಳು. ಅವಳ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಗಂಟೆ ಹೊಡೆಯಿತು; ಸಾರಾಂಶ ಹೇಳುವ ಹಂತ, ಮನೆಕೆಲಸ ಕೊಡುವ ಹಂತ, ಯಾವುದೂ ಆಗಿರಲಿಲ್ಲ.

ಹೆಡ್ಮಾಸ್ಟರ ಕೋಣೆಯಲ್ಲಿ ಚಹಾ ಬಂತು. ಶಹಾತಾ ಹಾಳೆಯನ್ನು ಸನಿಯ್ಯಾಳತ್ತ ಸರಿಸಿದರು: ನೂರಕ್ಕೆ ನಲವತ್ತೊಂದು. ಎಬ್ಬಿಸಿದ್ದು ಎಂಟು ಮಕ್ಕಳನ್ನು, ಸರಿ ಉತ್ತರ ಒಂದು, ಅದೂ ಹನ್ನೆರಡು ನಿಮಿಷಕ್ಕೆ. ಸನಿಯ್ಯಾ ಬಿಷಾರಾರ ಮುಖ ನೋಡಿದಳು, ಅವರು ಸಕ್ಕರೆ ಕಲಕತೊಡಗಿದರು. ಅವರ ಮರ್ಯಾದೆ ಹೋದರೂ ಹೋಗಲಿ ಎಂದು ಅವಳು ಎಡಗೈ ಬಲಗೈಯ ಗುಟ್ಟನ್ನು ಇದ್ದದ್ದು ಇದ್ದ ಹಾಗೆ ಇನ್‌ಸ್ಪೆಕ್ಟರ ಮುಂದಿಟ್ಟಳು. ಆ ಹುಡುಗಿ ಗೊತ್ತಿಲ್ಲದವರನ್ನೇ ಆರಿಸಿ ಆರಿಸಿ ಎಬ್ಬಿಸಿದ್ದು, ಅದಕ್ಕೇ ಅವಳಿಗೆ ಹೆಚ್ಚು ಅಂಕ ಕೊಡಬೇಕು ಎಂದಳು.

ಶಹಾತಾ ನಕ್ಕರು. ಕೆಟ್ಟ ನಗುವಲ್ಲ, ದಣಿದವರ ನಗು. ಆ ವಾರ ಅವರಿಗೆ ಹನ್ನೊಂದು ಶಾಲೆಗಳಿದ್ದವು. "ನಂಗೊತ್ತು ದಕ್ತೋರಾ. ನಾನು ಮೇಷ್ಟ್ರಾಗಿದ್ದಾಗ ನಾನೂ ಇದನ್ನೇ ಮಾಡಿಸ್ತಿದ್ದೆ. ನಮ್ಮ ಮೇಷ್ಟ್ರು ನಮ್ ಕೈಲಿ ಮಾಡಿಸ್ತಿದ್ರು."

"ಹಂಗಾದ್ರೆ?"

"ಹಂಗಾದ್ರೆ ಏನು? ಈ ಹಾಳೇಲಿ ಎಡಗೈ ಬಲಗೈ ಅಂತ ಕಾಲಂ ಎಲ್ಲಿದೆ, ತೋರಿಸಿ. ಉತ್ತರ ಬಂತು, ಉತ್ತರ ಬರ್ಲಿಲ್ಲ, ಅಷ್ಟೆ. ನಾನು ಎಪ್ಪತ್ತು ಕೊಟ್ಟು ಹೋದ್ರೆ, ನಾಳೆ ಮೇಲಿನವರು ಬಂದು ಎಂಟರಲ್ಲಿ ಏಳು ತಪ್ಪಿದ್ದಕ್ಕೆ ಎಪ್ಪತ್ತು ಹೆಂಗೆ ಅಂತಾರೆ. ಆಗ ನಿಮ್ಮ ಮಾತನ್ನ ನಾನು ಅವರಿಗೆ ಹೇಳ್ಲಾ? ಬಿಷಾರಾ ಗತಿ ಏನು?" ಅವರು ಚಹಾ ಮುಗಿಸಿ ಲೋಟ ಕೆಳಗಿಟ್ಟರು. "ಯಾವ ಕೈ ನೋಡ್ಬೇಕು ಅನ್ನೋದೇ ಗೊತ್ತಿಲ್ಲದೋಳು ಕ್ಲಾಸು ಹೆಂಗೆ ನಡೆಸ್ತಾಳೆ ಹೇಳಿ. ಅದನ್ನ ಕಲಿಸಿ ಕಳ್ಸಿ, ತಿಂಗಳಾದ್ಮೇಲೆ ಬರ್ತೀನಿ."

ಸನಿಯ್ಯಾ ಸುಮ್ಮನೆ ಬಿಡುವವಳಲ್ಲ. ವಿಭಾಗದ ಮುಖ್ಯಸ್ಥರ ಬಳಿ ಹೋದಳು. ಅವರು ಸಹಾನುಭೂತಿಯಿಂದ ಕೇಳಿ ಅರ್ಜಿ ಬರೆದುಕೊಡಿ ಎಂದರು. ಅರ್ಜಿ ಬರೆದಳು. ಅದು ಪರೀಕ್ಷಾ ಕಚೇರಿಗೆ ಹೋಗಿ, ಅಲ್ಲಿ ಒಂದು ವಾರ ಮಲಗಿ, ಇನ್‌ಸ್ಪೆಕ್ಟರ ಅಂಕವನ್ನು ಯಾರೂ ತಿದ್ದುವಂತಿಲ್ಲ ಎಂಬ ಷರಾದೊಂದಿಗೆ ವಾಪಸು ಬಂತು. ಮತ್ತೊಮ್ಮೆ ಬರೆದಳು, ಈ ಸಲ ಮೂರೇ ದಿನಕ್ಕೆ ಬಂತು. ಪರೀಕ್ಷಾ ಕಚೇರಿಯ ಗುಮಾಸ್ತೆ, ಅವಳ ಹಳೆಯ ವಿದ್ಯಾರ್ಥಿನಿಯೇ, ದಕ್ತೋರಾ, ನಿಮಗ್ಯಾಕೆ ಇಷ್ಟು ಸಂಕಟ, ಬಲಗೈಯವರನ್ನು ಕರೆ ಅಂತ ಆ ಹುಡುಗಿಗೆ ಒಂದು ಮಾತು ಹೇಳಿ ಎಂದು ಅಕ್ಕರೆಯಿಂದ ಬುದ್ಧಿ ಹೇಳಿದಳು. ಸನಿಯ್ಯಾಳಿಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ಒಂದಿಷ್ಟು ಶಕ್ತಿ ಬೇಕು, ಅದು ಉಳಿದಿರಲಿಲ್ಲ.

ರಾವಿಯಾ ಮಾತ್ರ ಅತ್ತಿರಲಿಲ್ಲ. ನಲವತ್ತೊಂದು ಎಂದು ತಿಳಿದ ದಿನ ಅವಳು ಕೇಳಿದ್ದು, ಆ ಎರಡು ಜಡೆಯ ಹುಡುಗಿ ಮಾರನೇ ದಿನವೂ ಅದನ್ನು ನೆನಪಿಟ್ಟಿದ್ದಳಾ ಎಂದು. ಎರಡನೆಯ ಪಾಠಕ್ಕೆ ನಾಲ್ಕು ದಿನ ಇದೆಯೆನ್ನುವಾಗ ಸನಿಯ್ಯಾ ಅವಳನ್ನು ತನ್ನ ಕೋಣೆಗೆ ಕರೆದು ಬಾಗಿಲು ಹಾಕಿದಳು. ಹೇಳಬೇಕಾದ್ದನ್ನು ಕಿಟಕಿಯ ಕಡೆ ನೋಡುತ್ತಾ ಹೇಳಿದಳು. "ಬಲಗೈ ಎತ್ತಿದೋರನ್ನ ಕರಿ ಕಣೇ."

"ಎಡಗೈಯೋರು?" ಎಂದಳು ರಾವಿಯಾ.

"ಅವರ ಕಡೆ ನೋಡ್ಬೇಡ. ಬರೀ ಮುಕ್ಕಾಲು ಗಂಟೆ. ಕೆಲಸ ಸಿಕ್ಕಿದ್ಮೇಲೆ ನಿನ್ ಕ್ಲಾಸು ನಿಂದು, ಮೂವತ್ತು ವರ್ಷ ಅವರನ್ನೇ ಕರ್ಕೊಂಡಿರು, ಯಾರು ಬೇಡ ಅಂತಾರೆ?"

"ನಿಮ್ಮ ಹತ್ರ ಕಲಿತು ಹೋದೋರೆಲ್ಲ ಹಂಗೇ ಅಂದ್ಕೊಂಡು ಹೋದ್ರಾ, ದಕ್ತೋರಾ?"

ಕುಟುಕುವುದಕ್ಕೆ ಕೇಳಿದ್ದಲ್ಲ, ತಿಳಿದುಕೊಳ್ಳುವುದಕ್ಕೇ ಕೇಳಿದ್ದು. ಎರಡನೆಯ ವರ್ಷದಲ್ಲಿ ಭಿನ್ನರಾಶಿ ಅರ್ಥವಾಗಿಲ್ಲ ಎಂದಾಗ ಇದ್ದದ್ದು ಇದೇ ದನಿ. ಸನಿಯ್ಯಾ ನದಿಯಾಚೆ ಗಾರೆ ಕಲಸುವ ಅಪ್ಪನ ನೆನಪು ಮಾಡಿಕೊಟ್ಟಳು, ನಾಲ್ಕು ವರ್ಷದ ದೋಣಿಯ ನೆನಪು ಮಾಡಿಕೊಟ್ಟಳು. ರಾವಿಯಾ ಸರಿ ಎಂದು ತಲೆಯಾಡಿಸಿ ಎದ್ದು ಹೋದಳು. ಬಾಗಿಲು ಮುಚ್ಚಿದ ಮೇಲೆ ಸನಿಯ್ಯಾಳಿಗೆ ತಾನು ಏನನ್ನೋ ಕೈಯಾರೆ ಕೊಂದ ಹಾಗೆ ಅನಿಸಿತು.

ಎರಡನೆಯ ಪಾಠಕ್ಕೂ ಅದೇ ತರಗತಿ, ಅದೇ ಕುರ್ಚಿಯಲ್ಲಿ ಶಹಾತಾ, ಅದೇ ಹಿಂದಿನ ಬೆಂಚಿನಲ್ಲಿ ಸನಿಯ್ಯಾ, ಪಕ್ಕದಲ್ಲಿ ನವ್ವಾರಾ. ತಯಾರಿ ಪುಸ್ತಕದ ಅಂಚಿಗೆ ಈ ಸಲ ಹೂಬಳ್ಳಿ ಇತ್ತು. ರಾವಿಯಾ ಬೋರ್ಡು ಒರೆಸಿ, ಆರನೇ ಒಂದು ಪಾಲು ದೊಡ್ಡದೋ ಎಂಟನೇ ಒಂದು ಪಾಲು ದೊಡ್ಡದೋ ಎಂದು ಕೇಳಿದಳು. ಅರವತ್ತೆಂಟು ಕೈ ಎದ್ದವು. ರಾವಿಯಾ ಬಲಗೈ ಎತ್ತಿದ ಹುಡುಗನನ್ನು ಕರೆದಳು, ಅವನು ಗಿಣಿಯ ಹಾಗೆ ಒಪ್ಪಿಸಿದ. ಇನ್ನೊಬ್ಬಳನ್ನು ಕರೆದಳು, ಸರಿ. ಮತ್ತೊಬ್ಬ, ಸರಿ. ಶಹಾತಾರ ಪೆನ್ನು ಸರಾಗವಾಗಿ ಓಡಿತು.

ಸನಿಯ್ಯಾ ಪಕ್ಕಕ್ಕೆ ನೋಡಿದಳು. ನವ್ವಾರಾ ಎಡಗೈ ಎತ್ತಿದ್ದಳು. ಬೆಂಚಿನಿಂದ ಅರ್ಧ ಎದ್ದು, ಬೆರಳ ತುದಿಯವರೆಗೆ ನೆಟ್ಟಗೆ ಚಾಚಿ ಎತ್ತಿದ್ದಳು. ಮರೆತುಬಿಟ್ಟಿದೆ ಮಗು ಎಂದುಕೊಂಡಳು ಸನಿಯ್ಯಾ. ಆದರೆ ಹುಡುಗಿಯ ನೋಟ್‌ಬುಕ್ಕು ಅಲ್ಲೇ ತೆರೆದಿತ್ತು. ಅದರಲ್ಲಿ ಎರಡು ರೊಟ್ಟಿಯ ಚಿತ್ರ, ಒಂದರ ಸುತ್ತ ಆರು ತಲೆ, ಇನ್ನೊಂದರ ಸುತ್ತ ಎಂಟು ತಲೆ, ಆರರ ಕೆಳಗೆ ದೊಡ್ಡದು ಎಂದು ಬರೆದು ಮೂರು ಸಲ ಗೆರೆ ಎಳೆದಿದ್ದಳು. ಗೊತ್ತಿದೆ ಇವಳಿಗೆ. ಗೊತ್ತಿದ್ದೂ ಎಡಗೈ. ಸನಿಯ್ಯಾ ತಡೆಯಲಾರದೆ, ಬೆಂಚಿನ ಮೇಲಿದ್ದ ಅವಳ ಬಲಗೈಯನ್ನು ಪೆನ್ನಿನ ತುದಿಯಿಂದ ಮೆಲ್ಲಗೆ ತಟ್ಟಿದಳು, ಇದನ್ನು ಎತ್ತು ಎಂಬಂತೆ.

ನವ್ವಾರಾ ಪೆನ್ನು ನೋಡಿ, ಮುಖ ನೋಡಿ, ಏನೂ ತಿಳಿಯದವರಿಗೆ ಹೇಳುವ ಹಾಗೆ ಪಿಸುಗುಟ್ಟಿದಳು. "ಉಹೂಂ. ಈ ಅಬ್ಲಾ ಎಡಗೈಯೋರನ್ನೇ ಕೇಳೋದು."

ಅಷ್ಟು ಹೇಳಿ ಮತ್ತೆ ಮುಂದೆ ತಿರುಗಿದಳು. ಸನಿಯ್ಯಾ ತುಟಿ ಬಿಚ್ಚಿದರೆ ಪಾಠ ರದ್ದು, ರಾವಿಯಾಳ ನಾಲ್ಕು ವರ್ಷ ರದ್ದು. ಅವಳು ರಾವಿಯಾಳನ್ನೇ ದಿಟ್ಟಿಸಿದಳು, ಇತ್ತ ನೋಡು ಎಂದು ಕಣ್ಣಲ್ಲೇ ಬೇಡಿಕೊಂಡಳು. ರಾವಿಯಾ ನೋಡಿದಳು. ಅವಳ ನೋಟ ನವ್ವಾರಾಳ ಮೇಲೆ ಬಂದು ನಿಂತಿತು, ಎರಡು ಜಡೆ ಗುರುತು ಸಿಕ್ಕಿತು, ಆಮೇಲೆ ಎತ್ತಿದ ಕೈ ಯಾವುದೆಂದು ಕಂಡಿತು. ಅವಳು ಪಕ್ಕದ ಸಾಲಿನ ಬಲಗೈ ಹುಡುಗನ ಹೆಸರು ಕರೆದಳು.

ನವ್ವಾರಾ ಕೈ ಇಳಿಸಲಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಬಂತು, ಪ್ರತಿ ಸಲವೂ ಎಡಗೈ. ಕೈ ಸೋತಾಗ ಬಲಗೈಯಿಂದ ಮೊಣಕೈ ಕೆಳಗೆ ಆನಿಸಿ ಹಿಡಿದುಕೊಂಡಳು. ಸಾರಾಂಶವೂ ಆಯಿತು, ಮನೆಕೆಲಸವೂ ಆಯಿತು, ಗಂಟೆಗೆ ಎರಡು ನಿಮಿಷ ಮೊದಲೇ ಎಲ್ಲ ಹಂತಗಳೂ ಮುಗಿದವು. ಶಹಾತಾ ಎದ್ದು ರಾವಿಯಾಳಿಗೆ ಶಹಬ್ಬಾಸ್ ಎಂದರು. ರಾವಿಯಾ ಯಾರ ಮುಖವನ್ನೂ ನೋಡದೆ ಬೋರ್ಡು ಒರೆಸಿ, ಚೀಲ ತೆಗೆದುಕೊಂಡು, ಮಕ್ಕಳಿಗಿಂತ ಮೊದಲೇ ಹೊರಗೆ ಹೋದಳು.

ಮಕ್ಕಳು ಅಂಗಳಕ್ಕೆ ನುಗ್ಗಿದರು. ನವ್ವಾರಾ ಮಾತ್ರ ಕೈ ನೀವಿಕೊಳ್ಳುತ್ತಾ ಕೂತಿದ್ದಳು. "ಅಬ್ಲಾಗೆ ನನ್ ಕೈ ಕಾಣಿಸ್ಲಿಲ್ವಾ?" ಎಂದು ಕೇಳಿದಳು.

"ಕಾಣಿಸ್ತು ಮಗಾ" ಎಂದಳು ಸನಿಯ್ಯಾ. ಸುಳ್ಳು ಹೇಳುವುದಕ್ಕೂ ಅವಳಿಗೆ ಆಗಲಿಲ್ಲ. "ಇನ್ಮೇಲೆ ಗೊತ್ತಿದ್ದಾಗ ಬಲಗೈ ಎತ್ತು."

ಹುಡುಗಿ ಸ್ವಲ್ಪ ಯೋಚಿಸಿ ಆಗಲೇ ಬಲಗೈ ಎತ್ತಿದಳು. ಎತ್ತಿ, ಪ್ರಶ್ನೆ ಕೇಳಲಿ ಎಂದು ಕಾದಳು. ಸನಿಯ್ಯಾ ಕೇಳಬಹುದಿತ್ತು. ಆದರೆ ಬಾಗಿಲಲ್ಲಿ ಶಹಾತಾ ಹಾಳೆ ಹಿಡಿದು ನಿಂತಿದ್ದರು, ಎಂಬತ್ತೆಂಟು, ಈಗ ನೋಡಿ ಮೇಷ್ಟ್ರಾದಳು ನಿಮ್ಮ ಹುಡುಗಿ, ಬೇಗ ಸಹಿ ಹಾಕಿ, ನನಗೆ ಇನ್ನೊಂದು ಶಾಲೆ ಇದೆ ಎಂದು ಕರೆಯುತ್ತಿದ್ದರು. ಅವಳು ಎದ್ದು ಹೋಗಿ ಸಹಿ ಹಾಕಿದಳು.